ಸಾಲಿನಲ್ಲಿ ಹನ್ನೊಂದು ಕಲ್ಲು

ಇನ್ನೊಂದು ಬಾಣ ಬಂತು, ಪರದೆಯ ಎಡಮೂಲೆಯಿಂದ ಹಾರಿಬಂದು ಚೌಕಕ್ಕೆ ತಗುಲಿ ನಿಂತಿತು, ಸಮಸ್ಯೆ ಎನ್ನುವ ಚೌಕದಿಂದ ಸಾಕ್ಷ್ಯ ಎನ್ನುವ ಚೌಕಕ್ಕೆ, ಸಾಕ್ಷ್ಯದಿಂದ ಆಯ್ಕೆಗೆ, ಆಯ್ಕೆಯಿಂದ ನಿರ್ಧಾರಕ್ಕೆ, ಕೊನೆಯದು ಒಂದು ಸುತ್ತು ಹಾಕಿ ಮತ್ತೆ ಸಮಸ್ಯೆಗೇ ಬಂದು ಸೇರುತ್ತದೆ, ಹೊರಗೆ ಹೋಗುವ ಬಾಣ ಒಂದೂ ಇಲ್ಲ, ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ — ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳೊಂದೇ ಆರಾಮಾಗಿ ತೇಲುತ್ತಿದೆ, ಅದಕ್ಕೆ ಹಾಜರಿಯಿಲ್ಲ, ಗುಂಪು ಚಟುವಟಿಕೆಯಿಲ್ಲ, ಕುತ್ತಿಗೆಗೆ ನೇತುಹಾಕಿದ ಗುರುತಿನ ಚೀಟಿಯಿಲ್ಲ. ಬಾಣದ ಸರ್ ಎಂದು ನಾವೆಲ್ಲ ಬೆನ್ನ ಹಿಂದೆ ಕರೆಯುವ ತರಬೇತುದಾರರು ಕೈಯಲ್ಲಿನ ಗುಂಡಿ ಒತ್ತುತ್ತಾರೆ, ಟಿಕ್, ನೀತಿ ಅಂದ್ರೆ ಏನು, ಯಾರಾದ್ರೂ ಹೇಳ್ತೀರಾ, ಉತ್ತರಕ್ಕೆ ಕಾಯದೆ ಮತ್ತೆ ಟಿಕ್, ನೀತಿ ಅಂದ್ರೆ ಸಾಕ್ಷ್ಯದ ಮೇಲೆ ನಿಂತ ನಿರ್ಧಾರ, ಬರ್ಕೊಳ್ಳಿ, ಬೇರೆ ಬೇರೆ ಇಲಾಖೆಗಳ ಮೂವತ್ತು ಪೆನ್ನುಗಳು ಒಟ್ಟಿಗೆ ಬಗ್ಗುತ್ತವೆ, ನನ್ನದೂ ಬಗ್ಗುತ್ತದೆ, ಆದರೆ ಅದು ಬರೆಯುತ್ತಿರುವುದು ಪುಟ್ಟ ಪುಟ್ಟ ವೃತ್ತಗಳನ್ನು, ಒಂದರ ಪಕ್ಕ ಒಂದು, ಎಣಿಸದೆಯೂ ಗೊತ್ತು, ಹನ್ನೊಂದು, ಹನ್ನೊಂದೇ ಕಲ್ಲು, ಬಸ್ಸಿನ ಕಂಬದ ಬುಡದಿಂದ ಬೆಂಚಿನ ಕಾಲಿನವರೆಗೆ ಒಂದು ಗೇಣು ಅಂತರ ಬಿಟ್ಟು ಸಾಲಾಗಿ ಇಟ್ಟ — ಬೇಡ, ಪರದೆ ನೋಡು, ಪರದೆ ನೋಡು ಎಂದರೆ ಪರದೆಯ ಮೇಲೂ ಅದೇ, ಬಳಕೆಯಿಲ್ಲದ ನಿಲ್ದಾಣಗಳ ರದ್ದತಿ, ಒಂದು ಯಶೋಗಾಥೆ, ಕೆಳಗೆ ನನ್ನದೇ ಕೋಷ್ಟಕ, ಹೋದ ವರ್ಷ ನಾನೇ ಗೆರೆ ಹಾಕಿದ್ದು, ಮೂರು ದಿನದ ಎಣಿಕೆ, ದಿನಕ್ಕೆ ಸರಾಸರಿ ಪ್ರಯಾಣಿಕರು ಮೂರು ಪಾಯಿಂಟ್ ಮೂರು, ಕೊನೆಯ ಅಂಕಣದಲ್ಲಿ ಬಾಧಿತರು, ಅದರ ಎದುರಿಗೆ ಇಲ್ಲ. ನೋಡಿ, ಎಷ್ಟು ಚೊಕ್ಕವಾಗಿದೆ, ಇಂಥ ಎಣಿಕೆ ಇದ್ರೆ ನಿರ್ಧಾರ ತಾನಾಗೇ ಬರುತ್ತೆ, ಎಣಿಸಿದವರು ಇಲ್ಲೇ ಇದಾರಂತೆ, ಯಾರಮ್ಮ, ಎದ್ದು ನಿಲ್ಲಿ, ನಿಲ್ಲುತ್ತೇನೆ, ಮುಂದಿನ ಸೋಫಾದಲ್ಲಿ ಇವತ್ತು ವಿಶೇಷವಾಗಿ ಬಂದು ಕೂತಿರುವ ನಮ್ಮ ಸಾಹೇಬರು ಹಿಂದೆ ತಿರುಗಿ, ಇಲಾಖೆಯ ಮಾನ ಉಳಿಸಿದ ಮಗುವನ್ನು ನೋಡುವಂತೆ ನೋಡುತ್ತಾರೆ, ಚಪ್ಪಾಳೆ, ಕೂರುತ್ತೇನೆ, ಕುರ್ಚಿ ಕಿರ್ರೆನ್ನುತ್ತದೆ. ಈಗ ಮೂರು ಗಂಟೆ. ನಾಲ್ಕಕ್ಕೆ ಶಿಫಾರಸಿನ ಹಾಳೆಗೆ ಎಲ್ಲರ ಸಹಿ, ಸಾಹೇಬರು ಅದನ್ನು ಕೈಯಲ್ಲೇ ಒಯ್ಯುತ್ತಾರೆ, ಇದೇ ಮಾದರಿಯಲ್ಲಿ ಇನ್ನೂ ನಲವತ್ತೊಂದು ನಿಲ್ದಾಣ, ಪಟ್ಟಿ ನನ್ನ ಮೊಣಕೈ ಕೆಳಗಿದೆ, ಇಪ್ಪತ್ತೇಳನೆಯದರ ಮೇಲೆ ಮೊಣಕೈ ಊರಿಕೊಂಡೇ ಕೂತಿದ್ದೇನೆ, ಮುಚ್ಚಿದರೆ ಅದು ಇಲ್ಲದಂತಾಗುತ್ತದೆಯೇನೋ ಎಂದು.

ಆ ಮೂರು ದಿನ ಎಷ್ಟು ಚೆನ್ನಾಗಿತ್ತು, ಅದೇ ನಾಚಿಕೆ, ಚೆನ್ನಾಗಿತ್ತು — ಕೆಲಸಕ್ಕೆ ಸೇರಿ ಎರಡೇ ತಿಂಗಳು, ಕಚೇರಿಯ ಹಳದಿ ಗೋಡೆ ಬಿಟ್ಟು ಬಯಲಿಗೆ ಬಂದಿದ್ದೆ, ಗುಡ್ಡದ ಮೇಲಿನ ಆ ಕಾಲೊನಿಯ ನಿಲ್ದಾಣದಲ್ಲಿ ಸಿಮೆಂಟಿನ ಬೆಂಚು, ಮೇಲೆ ತಗಡು, ತಗಡಿನ ಮೇಲೆ ಹಕ್ಕಿಗಳ ಕಾಲಸಪ್ಪಳ, ಮಡಿಲಲ್ಲಿ ನಮೂನೆ ಹಾಳೆ. ನಮೂನೆಯಲ್ಲಿ ಗಂಟೆಗಳು ಮೊದಲೇ ಅಚ್ಚಾಗಿದ್ದವು, ಹತ್ತೂವರೆಯಿಂದ ಶುರು, ನಾಲ್ಕೂವರೆಗೆ ಮುಕ್ತಾಯ, ಅದರಾಚೆಗೆ ಅಂಕಣವೇ ಇಲ್ಲ, ಏಕೆಂದರೆ ಹತ್ತಕ್ಕೆ ಕಚೇರಿಯಲ್ಲಿ ಹಾಜರಿ ಹಾಕಿ ಹೋಗಬೇಕು, ಐದಕ್ಕೆ ಬಂದು ಹಾಕಬೇಕು. ಸಾಹೇಬರನ್ನು ಕೇಳಿದ್ದೆ, ಕೇಳಲೇ ಇಲ್ಲ ಎಂದಲ್ಲ, ಸರ್, ಒಂದಿನ ಬೆಳಿಗ್ಗೆ ಬೇಗ ಹೋಗ್ಲಾ, ಬೇಗ ಅಂದ್ರೆ ಎಷ್ಟೊತ್ತಿಗಮ್ಮ, ಐದೂವರೆ ಹಾಗೆ, ಐದೂವರೆಗೆ ಹೋದ್ರೆ ಹಾಜರಿ ಪುಸ್ತಕ ಯಾರು ತೆಗೀತಾರೆ, ನಿಮ್ಮಜ್ಜೀನಾ? ಎಲ್ಲರೂ ನಕ್ಕರು, ನಾನೂ ನಕ್ಕೆ, ಅಜ್ಜಿ ಹೋಗಿ ಆಗ ಒಂದು ತಿಂಗಳೂ ಆಗಿರಲಿಲ್ಲ, ಆದರೂ ನಕ್ಕೆ, ಎಷ್ಟು ಬೇಗ ಕಲಿತುಬಿಟ್ಟೆ ಕಚೇರಿಯ ನಗುವನ್ನು. ಹತ್ತೂವರೆಗೆ ಹೋದರೆ ನಿಲ್ದಾಣ ಖಾಲಿ, ಮಧ್ಯಾಹ್ನ ಶಾಲೆಯ ಮೂರು ಹುಡುಗಿಯರು, ಒಂದು ನಾಯಿ, ಮತ್ತೆ ಕೋಲೂರಿಕೊಂಡು ಬಂದು ಕೂತು ಬಸ್ಸು ಬಂದರೂ ಹತ್ತದ ಒಬ್ಬ ಮುದುಕ, ತಾತ ಹತ್ತಲ್ವಾ, ಎಲ್ಲಿಗಮ್ಮ ಹತ್ಲಿ, ಮನೇಲಿ ಸೊಸೆ ಟಿವಿ ಹಾಕಿದಾಳೆ ಅದಕ್ಕೆ ಬಂದೆ, ಎರಡನೇ ದಿನ ಅವನನ್ನೂ ಎಣಿಸಿದೆ, ಪಾಪ ಅನ್ನಿಸಿ, ಆ ಪಾಯಿಂಟ್ ಮೂರು ಎಂದರೆ ಅವನೇ, ಇಡೀ ಮನುಷ್ಯ ಸರಾಸರಿಗೆ ಸಿಕ್ಕಿ ಅಷ್ಟಾಗಿಬಿಟ್ಟ. ಆಮೇಲೆ ಆ ಕಲ್ಲುಗಳು. ಮೊದಲ ದಿನವೇ ಕಂಡಿದ್ದವು, ಮಕ್ಕಳ ಆಟ ಇರಬೇಕು ಎಂದುಕೊಂಡೆ, ಒಂದು ಚಪ್ಪಟೆ, ಒಂದು ಕೆಂಪು, ಒಂದು ಇಟ್ಟಿಗೆಯ ಚೂರು, ಒಂದಕ್ಕೆ ಯಾರೋ ನೀಲಿ ಬಣ್ಣ ಬಳಿದಿದ್ದರು, ಎರಡನೇ ದಿನ ಹೋದರೆ ಅವೇ ಕಲ್ಲು, ಆದರೆ ಮುಂದಿದ್ದದ್ದು ಹಿಂದಕ್ಕೆ ಹೋಗಿತ್ತು, ಮೂರನೇ ದಿನ ಮತ್ತೊಂದು ಹಿಂದಕ್ಕೆ, ಅಂದರೆ ನಾನಿಲ್ಲದ ಹೊತ್ತಿನಲ್ಲಿ ಯಾರೋ ಬಂದು ಸರಿಸುತ್ತಾರೆ, ನೋಡಿದೆ, ನೋಡಿ ನನಗೆ ನೆನಪಾದದ್ದು ಅಜ್ಜಿಯ ಕಥೆ! ಒಬ್ಬಳು ರಾಣಿ ಇದ್ದಳಂತೆ, ಅವಳಿಗೆ ಕಾಯುವವರನ್ನು ಕಂಡರೆ ಆಗುತ್ತಿರಲಿಲ್ಲವಂತೆ, ಅರಮನೆಯ ಬಾಗಿಲಲ್ಲಿ ಕಾಯುತ್ತ ನಿಂತವರೆಲ್ಲ ಕಲ್ಲಾಗಿ ಹೋಗಲಿ ಅಂದಳಂತೆ, ಆಗಿಬಿಟ್ಟರಂತೆ, ಕಲ್ಲಾದ್ರೆ ಕಿವಿ ಕೇಳಿಸತ್ತಾ ಅಜ್ಜಿ, ಎಲ್ಲಾ ಕೇಳಿಸತ್ತೆ ಪುಟ್ಟಿ, ಮಾತಾಡಕ್ಕೆ, ಅದೊಂದು ಆಗಲ್ಲ, ಅಯ್ಯೋ ಮತ್ತೆ ಬಿಡುಗಡೆ ಹೇಗೆ, ಯಾರಾದ್ರೂ ಕೈಯಲ್ಲಿ ಎತ್ಕೊಂಡು ನೀನ್ಯಾರು ಅಂತ ಕೇಳ್ಬೇಕು, ಅಷ್ಟೇ, ಅಷ್ಟು ಕೇಳಕ್ಕೆ ಒಬ್ರೂ ಬರ್ಲಿಲ್ವಾ, ಬರ್ತಾರೆ ಸುಮ್ನೆ ಮಲಕ್ಕೋ. ಮೂರನೇ ದಿನ ಗಾಳಿ ಜೋರಾಗಿತ್ತು, ನಮೂನೆ ಹಾಳೆ ಪಟಪಟ ಎನ್ನುತ್ತ ಹಾರುವುದರಲ್ಲಿತ್ತು, ಬಗ್ಗಿ ಸಾಲಿನ ಎಲ್ಲಕ್ಕಿಂತ ಮುಂದಿನ ಕಲ್ಲನ್ನು ಎತ್ತಿಕೊಂಡೆ, ದುಂಡಗೆ, ತಣ್ಣಗೆ, ನಡುವಿಗೆ ದಾರ ಸುತ್ತಿದ ಹಾಗೆ ಒಂದು ಬಿಳಿ ಗೆರೆ, ಅಂಗೈ ತುಂಬ ಕೂತಿತು. ಎತ್ತಿಕೊಂಡೆ, ಕೇಳಲಿಲ್ಲ. ಹಾಳೆಯ ಮೇಲಿಟ್ಟೆ, ಬಾಧಿತರು ಎನ್ನುವ ಅಂಕಣ ಖಾಲಿ ಬಿಟ್ಟರೆ ಹಾಳೆ ವಾಪಸು ಬರುತ್ತದೆ ಎಂದು ಹೇಳಿದ್ದರು, ಇಲ್ಲ ಎಂದು ಬರೆದೆ, ಸಂಜೆ ಹೊರಡುವಾಗ ಕಲ್ಲು ಚೀಲಕ್ಕೆ ಹಾಕಿಕೊಂಡೆ, ಚಂದ ಇತ್ತು, ಅಷ್ಟೇ, ಚಂದ ಇತ್ತು.

ಸೋಮವಾರ, ತರಬೇತಿಯ ಮೊದಲ ದಿನ, ಬೇಗ ಬಂದುಬಿಟ್ಟಿದ್ದೆ, ಈ ಹಾಲ್ ಗುಡಿಸುವ ಅಮ್ಮ ಒಬ್ಬರೇ ಇದ್ದರು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗೆ ಒರೆಸುತ್ತಿದ್ದರು, ಒದ್ದೆ ಇದೆ ಜಾರ್ತೀಯ ಮಗಳೇ, ಅಲ್ಲೇ ನಿಂತ್ಕೋ, ನಿಂತೆ, ಪಾದಗಳು ಎರಡೂ ಊದಿಕೊಂಡಿದ್ದವು, ಯಾಕಮ್ಮ ಕಾಲು, ನಡಿಗೆ ಮಗಳೇ, ಮೊದಲಾದ್ರೆ ನಮ್ಮ ಕಾಲೊನಿ ಹತ್ರಾನೇ ಬಸ್ಸು ಬರೋದು, ಈಗ ಗುಡ್ಡ ಇಳಿದು ರೈಲ್ವೆ ಗೇಟ್ ಹತ್ರದ ಸ್ಟಾಪಿಗೆ ಬರ್ಬೇಕು, ಮುಕ್ಕಾಲು ಗಂಟೆ, ಯಾಕೆ ನಿಲ್ಲಿಸಿದ್ರಂತೆ, ಯಾರೋ ಬಂದು ಎಣಿಸಿದ್ರಂತೆ, ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ರಂತೆ, ಹನ್ನೊಂದು ಜನ ನಾವು, ದಿನಾ ಐದೂವರೆಗೆ, ಕಣ್ಣು ಎಲ್ಲಿಟ್ಕೊಂಡಿದ್ರೋ ಪುಣ್ಯಾತ್ಮರು! ನಗುತ್ತಲೇ ಹೇಳಿದರು, ಹನ್ನೊಂದು ಎನ್ನುವುದು ಕಿವಿಗೆ ಬಿದ್ದ ಮೇಲೆ ಕೇಳದೆ ಇರಲಾಗಲಿಲ್ಲ, ಅಲ್ಲಿ ಕಲ್ಲುಗಳಿದ್ವಲ್ಲ ಅಮ್ಮ, ಓ, ನೀನು ನೋಡಿದೀಯಾ, ನಮ್ದೇ ಅವು, ಬಸ್ಸು ಬರುವಾಗಲೇ ತುಂಬಿರೋದು, ಎಂಟೋ ಒಂಬತ್ತೋ ಜನ ಹತ್ಬಹುದು, ಮಿಕ್ಕೋರು ಮುಂದಿನ ಬಸ್ಸಿಗೆ, ಅಂದ್ರೆ ಕೆಲಸಕ್ಕೆ ತಡ, ದಿನಾ ಜಗಳ, ಜುಟ್ಟು ಹಿಡಿಯೋದೊಂದು ಬಾಕಿ, ಆಮೇಲೆ ಎಲ್ಲರೂ ಕೂತು ಒಂದು ಮಾತು ಮಾಡ್ಕೊಂಡ್ವಿ, ಒಬ್ಬೊಬ್ಬರದು ಒಂದೊಂದು ಕಲ್ಲು, ಇವತ್ತು ಮುಂದೆ ಇದ್ದೋಳ ಕಲ್ಲು ನಾಳೆ ಹಿಂದಕ್ಕೆ, ಎಲ್ಲರಿಗೂ ಸರದಿ ಬರುತ್ತೆ, ಎಲ್ಲರಿಗೂ ಒಂದಿನ ತಡ ಆಗುತ್ತೆ, ಬಸುರಿ ಇದ್ರೆ ಅವಳ ಕಲ್ಲು ಮುಂದೇನೇ, ಅದಕ್ಕೆ ನೀಲಿ ಬಣ್ಣ, ಹೆತ್ತ ಮೇಲೆ ಅವಳೂ ಸರದಿಗೆ, ಬಣ್ಣ ಮಾತ್ರ ಹಾಗೇ ಇರುತ್ತೆ. ನಾಲ್ಕು ದಿನದಿಂದ ಬಾಣದ ಸರ್ ಬಿಡಿಸುತ್ತಿರುವ ಚೌಕಗಳೆಲ್ಲ ಆ ಒಂದು ಮಾತಿನೊಳಗಿದ್ದವು, ಅವರು ನೆಲ ಒರೆಸುತ್ತಲೇ ಹೇಳಿ ಮುಗಿಸಿದ್ದರು, ಅಷ್ಟಕ್ಕೇ ನಿಲ್ಲಿಸಬಾರದಿತ್ತೇ, ನಿಲ್ಲಿಸಲಿಲ್ಲ, ಬಟ್ಟೆ ಹಿಂಡುತ್ತ, ಒಂದಿನ ನೋಡು ನನ್ನ ಸರದಿ, ಎಲ್ಲರಿಗಿಂತ ಮುಂದೆ ನಾನು, ಬೆಳಿಗ್ಗೆ ಬಂದ್ರೆ ನನ್ನ ಕಲ್ಲೇ ಇಲ್ಲ, ಕಲ್ಲಿಲ್ಲ ಅಂದ್ರೆ ಕೊನೆ, ನಿಯಮ ಅಂದ್ರೆ ನಿಯಮ, ನಾವೇ ಮಾಡಿದ್ದಲ್ವಾ, ಅವತ್ತು ತಡ ಆಗಿ ಇಲ್ಲಿ ಹಾಜರಿ ಪುಸ್ತಕದಲ್ಲಿ ಮೊದಲನೇ ಕೆಂಪು ಗೀಟು ಬಿತ್ತು, ಎರಡನೇದು ಬಸ್ಸು ನಿಂತ ವಾರ, ಮೂರು ಬಿದ್ರೆ ಬೇರೆಯವರನ್ನ ತಗೋತಾರೆ, ಗೀಟು ಹಾಳಾಗಿ ಹೋಗ್ಲಿ, ಕಲ್ಲು ತೆಗೆದಿದ್ದು ನನ್ನ ನಾದಿನೀನೇ ಅಂತ ನಾನು ಜಗಳಕ್ಕೆ ಬಿದ್ದೆ ಮಗಳೇ, ಅವಳ ಕಲ್ಲು ನನ್ನ ಹಿಂದೇನೇ ಇತ್ತಲ್ಲ, ಬಾಯಿಗೆ ಬಂದಿದ್ದೆಲ್ಲ ಅಂದ್ಬಿಟ್ಟೆ, ಅವಳ ಸತ್ತ ಮಗೂನೂ ಎಳ್ಕೊಂಡು ಬಂದೆ ಮಾತಿಗೆ, ಅವತ್ತಿಂದ ಮಾತಿಲ್ಲ, ಒಂದೇ ಗೋಡೆ ನಮಗೆ, ಅವಳು ಕೆಮ್ಮಿದ್ದು ನನಗೆ ಕೇಳಿಸುತ್ತೆ, ಮಾತಿಲ್ಲ. ಹೇಗಿತ್ತಮ್ಮ ಕಲ್ಲು — ನನ್ನ ದನಿ ಎಲ್ಲಿಂದಲೋ ಬಂತು. ದುಂಡಗೆ, ಒಂದು ಬಿಳಿ ಗೆರೆ.

ಅದು ನನ್ನ ಮೇಜಿನ ಮೇಲಿದೆ, ಕಚೇರಿಯಲ್ಲಿ, ಫ್ಯಾನಿನ ಕೆಳಗೆ, ವಿಲೇವಾರಿಯಾಗದ ಕಡತಗಳ ಮೇಲೆ, ಬಂದವರೆಲ್ಲ ಎತ್ತಿ ನೋಡಿ ಎಲ್ಲಿ ಸಿಕ್ತು ಎಂದು ಕೇಳುತ್ತಾರೆ. ಸೋಮವಾರವೇ ಹೇಳಬಹುದಿತ್ತು, ಮಂಗಳವಾರ ಹೇಳಬಹುದಿತ್ತು, ಬುಧವಾರ ಊಟದ ಹೊತ್ತಿಗೆ ನಮ್ಮ ಸಾಹೇಬರಿಗೆ ಫೋನು ಮಾಡಿದೆ, ಸರ್ ಆ ಎಣಿಕೆ ಬಗ್ಗೆ, ಎಣಿಕೆ ಬಗ್ಗೇನೇ ನಾಳೆ ನಾನೂ ಬರ್ತಿದೀನಮ್ಮ, ಹೆಮ್ಮೆ ಆಗುತ್ತೆ, ಮತ್ತೆ ನಿಮ್ಮ ಪ್ರೊಬೇಷನ್ ಮುಗಿಸೋ ಕಾಗದ ನನ್ನ ಟೇಬಲ್ ಮೇಲೇ ಇದೆ, ಬಂದು ಒಂದು ಸಹಿ, ಫೋನು ಇಟ್ಟುಬಿಟ್ಟರು. ಕಲ್ಲಾದವರಿಗೆ ಎಲ್ಲಾ ಕೇಳಿಸುತ್ತದೆ. ಇವತ್ತು ಗುಂಪು ಅಭಿನಯ, ಟೋಪಿಯೊಳಗಿನಿಂದ ಚೀಟಿ ಎತ್ತಿ ಕುತ್ತಿಗೆಗೆ ನೇತುಹಾಕಿಕೊಳ್ಳಬೇಕು, ಪಕ್ಕದ ಕುರ್ಚಿಯ ಬಿಸ್ಕತ್ತಣ್ಣ, ಟೀ ವೇಳೆಯಲ್ಲಿ ಎಲ್ಲರ ತಟ್ಟೆಯ ಬಿಸ್ಕತ್ತನ್ನೂ ಕರವಸ್ತ್ರದಲ್ಲಿ ಕಟ್ಟಿಕೊಳ್ಳುವುದರಿಂದ ಆ ಹೆಸರು, ಅವರಿಗೆ ತಜ್ಞ ಬಂತು, ನೋಡ್ರೀ ನಮ್ಮನೇಲಿ ಇದನ್ನ ಯಾರೂ ನಂಬಲ್ಲ, ಇನ್ನೊಬ್ಬರಿಗೆ ಮಂತ್ರಿ, ನನ್ನ ಕೈಗೆ ಬಂದ ಚೀಟಿಯಲ್ಲಿ ಬಾಧಿತ ನಾಗರಿಕರು ಎಂದಿತ್ತು. ಅಯ್ಯೋ ಪಾಪ, ಬಿಸ್ಕತ್ತಣ್ಣ ಕಿವಿಯ ಹತ್ತಿರ ಬಗ್ಗಿದರು, ನಿಮಗೆ ಸೋಲೋ ಪಾತ್ರ ಬಂತಲ್ಲ, ಎರಡು ನಿಮಿಷ ಅತ್ತು ಬಂದ್ಬಿಡಿ, ನಾಲ್ಕಕ್ಕೆ ಮನೆ. ಆದರೆ ಇದೇ ಅಲ್ಲವೇ ಬಾಗಿಲು, ನಾನಾಗಿ ತೆರೆಯಲಾಗದ್ದನ್ನು ಚೀಟಿ ತೆರೆದಿದೆ, ಎರಡು ನಿಮಿಷ, ಮೈಕು, ಸಾಹೇಬರು ಮುಂದೆಯೇ ಇದ್ದಾರೆ, ಹಾಳೆಗೆ ಇನ್ನೂ ಯಾರೂ ಸಹಿ ಹಾಕಿಲ್ಲ, ಹೇಳಿಬಿಟ್ಟರೆ ಇಪ್ಪತ್ತೇಳನೆಯದು ಉಳಿಯುತ್ತದೆ, ಗೇಟ್ ಹತ್ತಿರದ ನಿಲ್ದಾಣ, ಊದಿದ ಪಾದಗಳಿಗೆ ಉಳಿದಿರುವ ಒಂದೇ ಒಂದು, ಅದೂ ಹೋದರೆ ಎರಡು ಗಂಟೆ ನಡಿಗೆ, ಮೂರನೇ ಗೀಟು. ಪ್ರೊಬೇಷನ್ ಹೋದರೆ ಹೋಗಲಿ, ಮನೆಯಲ್ಲಿ ಅಮ್ಮ ಮೊನ್ನೆ ಹೊಸ ಪರದೆ ಬಟ್ಟೆ ತಂದಿದ್ದಾಳೆ, ಸರ್ಕಾರಿ ಕೆಲಸದ ಮಗಳ ಕೋಣೆಗೆ ಎಂದು, ಕಿಟಕಿ ಅಳೆದು ಹೊಲಿಸಿದ್ದಾಳೆ, ಹೋಗಲಿ. ತಜ್ಞರು ಮಾತಾಡಿದರು, ಮಂತ್ರಿ ಮಾತಾಡಿದರು, ಈಗ ಬಾಧಿತರು, ಬನ್ನಿ ಬನ್ನಿ, ಎರಡೇ ನಿಮಿಷ, ಕಾಲುಗಳು ತಾವಾಗಿ ಎದ್ದವು, ಮೈಕಿನ ತುದಿಗೆ ಯಾರದೋ ಉಸಿರಿನ ವಾಸನೆ, ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೆಂಟು.

ಆ ಎಣಿಕೆ ಸುಳ್ಳು, ಎಂದೆ. ನನ್ನ ದನಿ ಸ್ಪೀಕರಿನಿಂದ ಬೇರೆ ಯಾರದೋ ಎನ್ನುವಂತೆ ಬಂತು. ಎಣಿಸಿದ್ದು ನಾನು, ಹತ್ತೂವರೆಯಿಂದ ನಾಲ್ಕೂವರೆ, ನಮ್ಮ ಹಾಜರಿಯ ಹೊತ್ತಿನಲ್ಲಿ ಎಣಿಸಿದೆ, ಅವರ ಬಸ್ಸಿನ ಹೊತ್ತಿನಲ್ಲಿ ಅಲ್ಲ, ಅವರು ಹನ್ನೊಂದು ಜನ ಇದ್ದಾರೆ, ಗುಡಿಸುವವರು, ಒರೆಸುವವರು, ನಮ್ಮ ಕುರ್ಚಿಗಳನ್ನು ಜೋಡಿಸುವವರು, ನಾನು ಅವರನ್ನು ನೋಡಿಲ್ಲ, ಅವರ ಕಲ್ಲುಗಳನ್ನು ನೋಡಿದ್ದೆ, ನೋಡಿಯೂ ಇಲ್ಲ ಎಂದು ಬರೆದೆ, ಆ ಸಾಲಿನ ಒಂದು ಕಲ್ಲನ್ನು ನಾನೇ ತೆಗೆದುಕೊಂಡು ಬಂದೆ, ಅದು ನನ್ನ ಮೇಜಿನ ಮೇಲಿದೆ, ನಾದಿನಿ ತೆಗೆದದ್ದಲ್ಲ, ನಾನು, ಈ ಹಾಳೆಗೆ ಸಹಿ ಹಾಕಬೇಡಿ, ದಯವಿಟ್ಟು ಹಾಕಬೇಡಿ — ಕಣ್ಣೀರು ಬಂದುಬಿಟ್ಟಿತು, ಬರಬಾರದಿತ್ತು, ಅದೇ ಕೆಡಿಸಿತು, ಬಿಸ್ಕತ್ತಣ್ಣ ಮೊದಲು, ಆಮೇಲೆ ಎರಡನೇ ಸಾಲು, ಆಮೇಲೆ ಎಲ್ಲರೂ, ಚಪ್ಪಾಳೆ, ಯಾರೋ ಶಿಳ್ಳೆ ಹಾಕಿದರು, ಅದ್ಭುತ, ಬಾಣದ ಸರ್ ಎದ್ದೇ ನಿಂತಿದ್ದರು, ನೋಡಿ, ಪಾತ್ರಕ್ಕೆ ಇಳಿಯೋದು ಅಂದ್ರೆ ಇದು, ತಾನೇ ತಪ್ಪು ಮಾಡಿದ ನೌಕರೆ ಅಂತ ಕಲ್ಪಿಸಿಕೊಂಡು, ಬಾಧಿತರ ನೋವನ್ನೂ ಸೇರಿಸಿ, ಎಂಥ ಸೂಕ್ಷ್ಮ! ಸರ್ ಇದು ಪಾತ್ರ ಅಲ್ಲ, ಎಂದೆ, ಇನ್ನೂ ಜೋರು ಚಪ್ಪಾಳೆ, ಸರ್ ನಿಜವಾಗಿ, ನಗು, ಸಾಕಮ್ಮ ಸಾಕು, ನಮ್ಮನ್ನೂ ಅಳಿಸ್ತೀರಾ, ಸಾಹೇಬರನ್ನು ನೋಡಿದೆ, ಅವರಿಗೆ ಗೊತ್ತಿರಲೇಬೇಕು, ನಿಮ್ಮಜ್ಜೀನಾ ಎಂದು ಕೇಳಿದ ಬಾಯಿ ಅದೇ, ಅವರು ಚಪ್ಪಾಳೆ ತಟ್ಟುತ್ತಿದ್ದರು, ನಿಧಾನವಾಗಿ, ಕಣ್ಣು ಮಾತ್ರ ತಟ್ಟುತ್ತಿರಲಿಲ್ಲ, ನಿಮ್ಮಲ್ಲಿ ಈ ಕಲೆ ಇದೆ ಅಂತ ಗೊತ್ತೇ ಇರ್ಲಿಲ್ಲ, ಇಲ್ಲಿಗೆ ನಿಲ್ಲಿಸಿ, ಎಂದರು ಮೆಲ್ಲಗೆ. ನಿಂತೆ. ಏನು ಹೇಳಿದರೂ ಅದು ಪಾತ್ರದ ಮಾತು, ಪಾತ್ರವಲ್ಲ ಎಂದರೆ ಅದೂ ಪಾತ್ರದ ಮಾತು, ಕುತ್ತಿಗೆಗೆ ನೇತುಹಾಕಿದ ಬಾಧಿತ ನಾಗರಿಕರು ಎನ್ನುವ ಚೀಟಿ ಫ್ಯಾನಿನ ಗಾಳಿಗೆ ತಿರುಗುತ್ತಿದೆ, ತಿರುಗಿದಾಗ ಹಿಂದೆ ಖಾಲಿ. ಕುರ್ಚಿಗೆ ಮರಳಿ ಕೂತೆ, ಹಾಳೆ ಬಂತು, ಒಂದು ಕೈಯಿಂದ ಇನ್ನೊಂದು ಕೈಗೆ, ಹೆಸರು, ಇಲಾಖೆ, ಸಹಿ, ಫ್ಯಾನಿಗೆ ಪಟಪಟ ಎನ್ನುತ್ತ ನನ್ನ ಮುಂದೆ ನಿಂತಿತು, ನಾನು ಹಾಕುವುದಿಲ್ಲ ಎಂದುಕೊಂಡೆ, ಪೆನ್ನನ್ನು ಮುಟ್ಟಲಿಲ್ಲ, ಬಿಸ್ಕತ್ತಣ್ಣ ಬೆನ್ನು ತಟ್ಟಿ ಪರವಾಗಿಲ್ಲ ಬಿಡಿ, ಬಾಧಿತರ ಸಹಿ ಬೇಕಾಗಿಲ್ಲವಂತೆ, ಎಂದು ಹಾಳೆಯನ್ನು ಮುಂದಕ್ಕೆ ದಾಟಿಸಿದರು.

ಟೀ ಕಪ್ಪುಗಳು ಹಿಂದೆ ಟ್ರೇಯಲ್ಲಿ ಸೇರುವ ಸದ್ದು, ಎಷ್ಟು ಹೊತ್ತಿನಿಂದ ಆ ಸದ್ದು ಇರಲಿಲ್ಲ, ನಾನು ಮಾತಾಡುವಾಗ ಇತ್ತೇ, ಇರಲಿಲ್ಲ, ಮಾತಾಡುವ ಮೊದಲು ಇತ್ತು, ಆಮೇಲೆ ನಿಂತಿತ್ತು, ಈಗ ಮತ್ತೆ, ತಿರುಗಿ ನೋಡುವುದು ಬೇಡ, ಅಜ್ಜಿಯ ಕಥೆಗಳಲ್ಲಿ ತಿರುಗಿ ನೋಡಿದವರು ಯಾರೂ — ತಿರುಗಿದೆ. ಹಿಂದಿನ ಬಾಗಿಲಿನ ಹತ್ತಿರ ಅವರು, ಸೊಂಟಕ್ಕೆ ಟ್ರೇ ಆನಿಸಿಕೊಂಡು, ಒಂದೊಂದೇ ಸಾಲು ದಾಟಿ ಬರುತ್ತಿದ್ದಾರೆ, ಊದಿದ ಪಾದಗಳು, ಸದ್ದಿಲ್ಲದೆ, ಇಡೀ ಹಾಲಿನಲ್ಲಿ ಚಪ್ಪಾಳೆ ತಟ್ಟದವರು ಅವರೊಬ್ಬರೇ ಇರಬೇಕು, ಕೈಯಲ್ಲಿ ಟ್ರೇ ಇತ್ತಲ್ಲ ಅದಕ್ಕೆ, ಅದಕ್ಕೇ ಇರಲಿ ದೇವರೇ, ಕೇಳಿಸಿರದೆ ಇರಲಿ, ಹೊರಗಿದ್ದಿರಲಿ, ನೀರು ಹಿಡಿಯುತ್ತಿದ್ದಿರಲಿ, ನನ್ನ ಸಾಲಿಗೆ ಬಂದರು, ಬಿಸ್ಕತ್ತಣ್ಣನ ಕಪ್ಪು ತೆಗೆದುಕೊಂಡರು, ನನ್ನ ಮುಂದೆ ನಿಂತರು, ಜಾರ್ತೀಯ ಮಗಳೇ ಎಂದ ಆ ಮುಖದಲ್ಲಿ ಈಗ ಸಿಟ್ಟಿಲ್ಲ, ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು, ಅಮ್ಮ ಎಂದೆ, ಅವರು ತುಟಿ ಅಲ್ಲಾಡಿಸಿದರು, ಅಷ್ಟು ಜನರ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳಿಸುವಷ್ಟು, ನೀನ್ಯಾರು ಅಂತ ನಂಗೆ ಗೊತ್ತೇ ಆಗ್ಲಿಲ್ವಲ್ಲೇ. ಮಗಳೇ ಎನ್ನಲಿಲ್ಲ. ನನ್ನ ಖಾಲಿ ಕಪ್ಪಿಗಾಗಿ ಕೈ ಚಾಚಿದರು, ಕಪ್ಪು ಕೊಡಬೇಕು, ಕೊಡುತ್ತೇನೆ, ಬೆರಳು ಏಳುತ್ತಿಲ್ಲ, ಹೊರಗೆ ಸಾಹೇಬರ ಕಾರು ಶುರುವಾಯಿತು, ಎಲ್ಲಾ ಕೇಳಿಸುತ್ತದೆ, ಅವರ ಕೈ ಹಾಗೇ ಇದೆ, ಸೋಪಿನ ನೀರಿಗೆ ಬಿಳಿಚಿಕೊಂಡ ಅಂಗೈ, ನಡುವೆ ಒಂದು ತಗ್ಗು, ಸರಿಯಾಗಿ ಅಷ್ಟೇ ಅಗಲದ ತಗ್ಗು, ಅದರಲ್ಲಿ ಏನೂ ಇಲ್ಲ, ಇರಬೇಕಾದದ್ದು ಇಲ್ಲ, ಅದು ನನ್ನ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಕಡತಗಳ ಮೇಲೆ, ದುಂಡಗೆ, ತಣ್ಣಗೆ, ಒಂದು ಬಿಳಿ ಗೆರೆ, ಚಾಚಿದ ಅಂಗೈ, ಒಂದು ಬಿಳಿ ಗೆರೆ